ಹೊಸ ಫೋನು ಬಾಯಿಬಿಟ್ಟದ್ದು

ತಲ್ಲೂರಿನ ನನ್ನ ಹೋಟೆಲಿಗೆ ಮೀನು ಕೊಡುವ ಬೀಜಾಡಿಯ ಅಕ್ಕನ ಫೋನ್ ಮಾತನ್ನು ನಾನು ದಿನವೂ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆ. ಯಾವ ಮೀನು ಎಷ್ಟು ಕೆಜಿ ಎಂದದ್ದು ಅಡುಗೆಮನೆಗೆ ಹೋಗುವಷ್ಟರಲ್ಲಿ ಮರೆಯುತ್ತಿತ್ತು, ಅಷ್ಟೆ. ಹಳೆಯ ಫೋನಿಗೆ ಅದರ ಕಂಪನಿ ತನ್ನದೇ ಆ್ಯಪು, ಜಾಹೀರಾತು ಎಲ್ಲ ತುರುಕಿತ್ತು. ರೆಕಾರ್ಡಿಂಗ್ ಮಾತ್ರ ಸದ್ದಿಲ್ಲದೆ ನಡೆಯುತ್ತಿತ್ತು. ಈ ಸಲ ಕುಂದಾಪುರದ ಅಂಗಡಿಯಲ್ಲಿ ಹಟ ಹಿಡಿದು, ಕಂಪನಿಯ ಕಲಬೆರಕೆಯಿಲ್ಲದ ಶುದ್ಧ ಆಂಡ್ರಾಯ್ಡ್ ಫೋನನ್ನೇ ಕೊಂಡೆ.

ಮರುದಿನ ಅಕ್ಕ ಬಂಗುಡೆ, ಅಂಜಲ್ ಎಂದು ಶುರುಮಾಡಿದಾಗ ರೆಕಾರ್ಡ್ ಒತ್ತಿದೆ. ಕರೆ ರೆಕಾರ್ಡ್ ಆಗುತ್ತಿದೆ ಎಂದು ಫೋನು ಇಬ್ಬರಿಗೂ ಕೇಳುವಂತೆ ಸಾರಿತು.

"ಹ್ವಾಯ್, ಎಂತ ಇದು? ಇಷ್ಟ್ ವರ್ಷವೂ ಹೀಂಗೇ ಮಾಡ್ತಿದ್ರ್ಯಾ?"

"ಇಲ್ಲ ಅಕ್ಕ, ಇವತ್ತೇ ಮೊದ್ಲ್" ಎಂದೆ.

ಅದೂ ರೆಕಾರ್ಡ್ ಆಗಿದೆ.