ಏನೂ ಕೆಡದ ಆರು ಭಾನುವಾರ

ಪರದೆ ಕಪ್ಪಗಾಗಿ ಕುಳಿತುಬಿಡಬಹುದಿತ್ತು. ಪರದೆ ಬಂದರೂ ಮೌಸು ಅಲುಗದಿರಬಹುದಿತ್ತು. ವೈಫೈ ನನ್ನ ಮನೆಯದನ್ನು ಮರೆತು ಎದುರುಮನೆಯದನ್ನು ಮಾತ್ರ ನೆನಪಿಟ್ಟುಕೊಳ್ಳಬಹುದಿತ್ತು. ಕನ್ನಡದ ಅಕ್ಷರಗಳೆಲ್ಲ ಖಾಲಿ ಚೌಕಗಳಾಗಬಹುದಿತ್ತು. ಪ್ರಿಂಟರು ಎಂದಿನಂತೆ ಮುನಿಸಿಕೊಂಡು, ಈ ಸಲ ಅದಕ್ಕೆ ಕಾರಣವನ್ನೂ ಕೊಡಬಹುದಿತ್ತು. ಅರ್ಧದಲ್ಲಿ ಕರೆಂಟು ಹೋಗಿ, ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲೆ, ಇನ್ನೊಂದು ರಸ್ತೆಯ ಮೇಲೆ ಇಟ್ಟವನ ಹಾಗೆ ಕಂಪ್ಯೂಟರು ಅತ್ತ ಹಳೆಯದೂ ಆಗದೆ ಇತ್ತ ಹೊಸದೂ ಆಗದೆ ನಿಲ್ಲಬಹುದಿತ್ತು. ಡಿಸ್ಕೇ ಅಳಿಸಿಹೋಗಿ ಅಮ್ಮನ ಫೋಟೋಗಳು ಶಾಶ್ವತವಾಗಿ ಇಲ್ಲವಾಗಬಹುದಿತ್ತು. ಹೀಗೆ ಹದಿನಾರು ಬರೆದು, ಹದಿನೇಳನೆಯದಾಗಿ ‘ನನಗೆ ಹೊಳೆಯದ ಇನ್ನೊಂದು’ ಎಂದು ಸೇರಿಸಿದೆ.

ಕಳೆದ ಭಾನುವಾರ ಮಧ್ಯಾಹ್ನ ನನ್ನ ಲಿನಕ್ಸ್ ಕಂಪ್ಯೂಟರನ್ನು ಸ್ಟೇಬಲ್ ಶಾಖೆಯಿಂದ ಅನ್‌ಸ್ಟೇಬಲ್ ಶಾಖೆಗೆ ದಾಟಿಸುವ ಮುನ್ನ ಮಾಡಿದ ಪಟ್ಟಿ ಅದು. ಇಷ್ಟೆಲ್ಲ ಹೆದರುವವನು ಯಾಕೆ ದಾಟಿಸಲು ಹೋದೆ ಎಂದು ನೀವು ಕೇಳುವುದು ನ್ಯಾಯವೇ. ಹೇಳುತ್ತೇನೆ. ಅದಕ್ಕೆ ಮೊದಲು ಈ ಶಾಖೆಗಳ ವಿಷಯ ಒಂದಿಷ್ಟು ಕೇಳಿಸಿಕೊಳ್ಳಿ.

ಲಿನಕ್ಸಿನಲ್ಲಿ ಪ್ರತಿಯೊಂದು ತಂತ್ರಾಂಶವೂ ಪ್ಯಾಕೇಜ್ ಎಂಬ ಪೊಟ್ಟಣದಲ್ಲಿ ಬರುತ್ತದೆ. ಹೊಸ ಪೊಟ್ಟಣ ಮೊದಲು ಬಂದು ಬೀಳುವುದು ಅನ್‌ಸ್ಟೇಬಲ್ ಶಾಖೆಗೆ. ಬಾಣಲೆಯಿಂದ ಈಗಷ್ಟೇ ಎತ್ತಿದ ಬೋಂಡ ಎಂದುಕೊಳ್ಳಿ. ಘಮ್ಮೆನ್ನುತ್ತದೆ, ನಾಲಿಗೆ ಸುಟ್ಟರೆ ಹೊಣೆ ನಿಮ್ಮದು. ಅಲ್ಲಿನ ಧೈರ್ಯವಂತರು ತಿಂದು ಬದುಕಿ ಉಳಿದರೆ ಅದು ಟೆಸ್ಟಿಂಗಿಗೆ ಹೋಗುತ್ತದೆ. ಆಮೇಲೆ ಒಂದು ದಿನ ಇನ್ನು ಯಾರೂ ಏನೂ ಬದಲಿಸಕೂಡದು ಎಂದು ಬಾಗಿಲು ಹಾಕುತ್ತಾರೆ. ಇದಕ್ಕೆ ಫ್ರೀಜ್ ಎನ್ನುತ್ತಾರೆ. ತಿಂಗಳುಗಟ್ಟಲೆ ಸೋಸಿ, ಯಾರಿಗೂ ಹೊಟ್ಟೆನೋವು ಬರಲಿಲ್ಲ ಎಂದು ಖಾತ್ರಿಯಾದ ಮೇಲೆ ಸ್ಟೇಬಲ್ ಎಂದು ಹೆಸರಿಟ್ಟು ನಮ್ಮಂಥವರ ತಟ್ಟೆಗೆ ಹಾಕುತ್ತಾರೆ. ಹೊಟ್ಟೆಗೆ ಏನೂ ಆಗುವುದಿಲ್ಲ. ಬೋಂಡ ಮಾತ್ರ ತಣ್ಣಗಿರುತ್ತದೆ.

ನಾನು ಹುಟ್ಟಾ ಸ್ಟೇಬಲ್ ಮನುಷ್ಯ. ಚಾಮರಾಜನಗರದ ಒಂದು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕ. ಸ್ಕ್ರೂಗೇಜು, ಲೋಲಕಗಳನ್ನು ಎಣಿಸಿ ಕೊಟ್ಟು, ಎಣಿಸಿ ವಾಪಸ್ಸು ತೆಗೆದುಕೊಳ್ಳುವುದು ಕೆಲಸ. ಮನೆಗೆ ಬೀಗ ಹಾಕಿದ ಮೇಲೆ ಮೂರು ಸಲ ಎಳೆದು ನೋಡುತ್ತೇನೆ. ಮದುವೆಯ ವಿಷಯದಲ್ಲೂ ಇನ್ನಷ್ಟು ಪರೀಕ್ಷೆಯಾಗಲಿ, ಇನ್ನಷ್ಟು ಪರೀಕ್ಷೆಯಾಗಲಿ ಎಂದು ಕಾದೆ. ಅಷ್ಟರಲ್ಲಿ ಫ್ರೀಜ್ ಆಗಿಹೋಯಿತು. ಅಮ್ಮ ಇರುವವರೆಗೆ ಅದು ಅಷ್ಟಾಗಿ ಗೊತ್ತಾಗಿರಲಿಲ್ಲ.

ಗುರುಮಲ್ಲಪ್ಪ ನನಗೆ ತೀರ ತದ್ವಿರುದ್ಧ. ಗುಂಡ್ಲುಪೇಟೆಯಲ್ಲಿ ಬೋರ್‌ವೆಲ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಅವನದು. ಹಂಗಳದ ಕಡೆಯಿಂದ, ತೆರಕಣಾಂಬಿಯ ಕಡೆಯಿಂದ ಸುಟ್ಟ ಮೋಟಾರುಗಳು ಅವನಲ್ಲಿಗೆ ಬರುತ್ತವೆ. ಅವನ ಪರಿಚಯವಾದದ್ದು ಬಸ್ಸಿನಲ್ಲಿ. ನನ್ನ ಚೀಲದ ಮೇಲೆ ಲಿನಕ್ಸಿನ ಗುರುತಾದ ಪೆಂಗ್ವಿನ್ ಚಿತ್ರವನ್ನು ಕಂಡು ಅದುವರೆಗೆ ಎಲ್ಲರೂ ಬಾತುಕೋಳಿ ಸಾಕಿದ್ದೀರಾ ಎಂದು ಕೇಳಿದ್ದರು. ಇವನೊಬ್ಬ ಪಕ್ಕಕ್ಕೆ ಸರಿದು ಕುಳಿತು, “ನೀವೂ ಲಿನಕ್ಸಾ?” ಎಂದ. ಇಡೀ ಜಿಲ್ಲೆಯಲ್ಲಿ ನಾವಿಬ್ಬರೇ ಎಂದು ಇಬ್ಬರೂ ಆವತ್ತೇ ತೀರ್ಮಾನಿಸಿಕೊಂಡೆವು. ಇನ್ನೂ ಕೆಲವರು ಇರಬಹುದು; ಹುಡುಕುವ ಗೋಜಿಗೆ ಹೋಗಲಿಲ್ಲ.

ಅವನು ಅನ್‌ಸ್ಟೇಬಲ್ಲಿನವನು. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು, ಊದಿನಕಡ್ಡಿ ಹಚ್ಚಿ, ಅಪ್‌ಡೇಟ್ ಒತ್ತುತ್ತಿದ್ದ. ವಾರಕ್ಕೊಮ್ಮೆ ಏನಾದರೊಂದು ಕೆಡುತ್ತಿತ್ತು. ಶನಿವಾರ ಸಂಜೆ ಫೋನು ಬರುತ್ತಿತ್ತು: “ಮೇಷ್ಟ್ರೇ, ಸೌಂಡ್ ಓಗ್ಬುಡ್ತು ಕಣಿ. ನಾಳ ಬಂದ್ಬುಡಿ.” ಸಹಾಯಕನನ್ನು ಮೇಷ್ಟ್ರೇ ಎನ್ನುವ ಔದಾರ್ಯಕ್ಕೇ ಹೋಗಬಹುದಿತ್ತು. ಭಾನುವಾರ ಬೆಳಗಿನ ಬಸ್ಸು ಹಿಡಿಯುತ್ತಿದ್ದೆ. ಅವನ ಹೆಂಡತಿ ಒಳಗಿನಿಂದ, “ಬಂದ್ರು ನೋಡಿ ನಿಮ್ಮ ಭಾನ್ವಾರದ ಡಾಕ್ಟ್ರು,” ಎನ್ನುತ್ತಿದ್ದರು. ಸರಿಪಡಿಸಲು ಇಪ್ಪತ್ತು ನಿಮಿಷ ಸಾಕು. ಮುದ್ದೆ, ಅವರೆಕಾಳಿನ ಸಾರು, ಮಾತು, ಮತ್ತೆ ಮಾತು ಸೇರಿ ಸಂಜೆಯಾಗುತ್ತಿತ್ತು.

ನಾಲ್ಕು ವರ್ಷ ಹೀಗೇ ನಡೆಯಿತು. ಕೆಡಿಸಿದವನು ನಾನು.

ಒಂದು ದಿನ ಅವನ ಪರದೆ ಪೂರ್ತಿ ಹೋಯಿತು. ಯಾವ ಮೋಟಾರಿಗೆ ಎಷ್ಟು ಸುತ್ತು ಎಂಬ ಲೆಕ್ಕವೆಲ್ಲ ಅದರೊಳಗಿತ್ತು. ಹೊಲದಲ್ಲಿ ಅರಿಶಿನ ಬಾಡುತ್ತಿದೆ ಎಂದು ಬಾಗಿಲಲ್ಲಿ ಮೂರು ಜನ ನಿಂತಿದ್ದರು. ನಾನು ಹೋಗಿ ಸರಿಪಡಿಸಿ, ಅವರು ಹೊರಟ ಮೇಲೆ ಚೆನ್ನಾಗಿ ಬೈದೆ. ಸಂಸಾರಸ್ಥನಿಗೆ ಇದೆಲ್ಲ ಯಾಕೆ ಎಂದೆ. ಅವನು ತಲೆ ಕೆರೆದುಕೊಂಡು, “ನೀವೇಳ್ದಂಗೇ ಆಗ್ಲಿ ಬುಡಿ,” ಎಂದ. ಆವತ್ತೇ ಅವನ ಕಂಪ್ಯೂಟರಿಗೆ ನನ್ನ ಕೈಯಾರೆ ಸ್ಟೇಬಲ್ ಹಾಕಿ, ದೊಡ್ಡ ಉಪಕಾರ ಮಾಡಿದ ಮುಖ ಹೊತ್ತು ಬಸ್ಸು ಹತ್ತಿದೆ.

ಮುಂದಿನ ಶನಿವಾರ ಫೋನು ಬರಲಿಲ್ಲ. ಅದರ ಮುಂದಿನ ಶನಿವಾರವೂ ಬರಲಿಲ್ಲ. ನಾನು ಹಾಕಿಕೊಟ್ಟದ್ದು ಅಷ್ಟು ಗಟ್ಟಿಯಾಗಿತ್ತು.

ಸುಮ್ಮನೆ ಹೋಗಿಬರಬಹುದಿತ್ತಲ್ಲ ಎನ್ನುತ್ತೀರಿ. ನಮ್ಮ ಕಡೆ ಸುಮ್ಮನೆ ಹೋಗುವುದು ಸುಲಭವಲ್ಲ. ಹೊಸ್ತಿಲು ದಾಟುತ್ತಿದ್ದಂತೆ ನೀರಿನ ಲೋಟದ ಜೊತೆಗೇ “ಏನ್ ಬಂದ್ರಿ?” ಎಂಬ ಪ್ರಶ್ನೆ ಬರುತ್ತದೆ. ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ, ಆದರೂ ಉತ್ತರ ಕೈಯಲ್ಲಿರಬೇಕು. ನಾಲ್ಕನೆಯ ಭಾನುವಾರ ಧೈರ್ಯ ಮಾಡಿ ಗುಂಡ್ಲುಪೇಟೆಗೆ ಟಿಕೆಟ್ ತೆಗೆದುಕೊಂಡೆ. ದಾರಿಯುದ್ದಕ್ಕೂ ಉತ್ತರ ಹುಡುಕಿದೆ. ತೆರಕಣಾಂಬಿ ಬಂದರೂ ಸಿಗದೆ ಅಲ್ಲೇ ಎದ್ದು ನಿಂತೆ. “ಇಲ್ಯಾಕ ಇಳಿತೀರಿ ಸಾ, ಪ್ಯಾಟ ಇನ್ನೂ ಬಂದಿಲ್ಲ,” ಎಂದ ಕಂಡಕ್ಟರು. ಇಲ್ಲೇ ಸ್ವಲ್ಪ ಕೆಲಸವಿದೆ ಎಂದೆ. ಒಂದು ಟೀ ಕುಡಿಯುವುದೂ ಕೆಲಸವೇ ತಾನೇ? ಅದನ್ನು ಮುಗಿಸಿ ಹಿಂದಿರುಗಿದೆ.

ಸ್ಟೇಬಲ್ ಎಂದರೆ ಕೆಡದೆ ಇರುವುದು ಎಂದೇ ಇಷ್ಟು ವರ್ಷ ತಿಳಿದಿದ್ದೆ. ಅದನ್ನು ಕಟ್ಟುವವರು ಬರೆದಿಟ್ಟದ್ದನ್ನು ಮತ್ತೆ ಓದಿದರೆ, ಬದಲಾಗದೆ ಇರುವುದು ಎಂದಷ್ಟೇ ಇದೆ. ಒಳಗಿದ್ದ ಸಣ್ಣಪುಟ್ಟ ತಪ್ಪುಗಳೂ ಹಾಗೆಯೇ, ಇದ್ದಲ್ಲೇ, ವರ್ಷಗಟ್ಟಲೆ ಇರುತ್ತವಂತೆ. ಆರನೆಯ ಭಾನುವಾರ ಅನ್ನ ಸಾರು ಉಂಡು, ಒಂದೇ ತಟ್ಟೆ ತೊಳೆದಿಟ್ಟು, ಇದನ್ನು ಓದಿದೆ. ನನ್ನದೇ ಜಾತಕ ಓದಿದಂತಾಯಿತು.

ಏಳನೆಯ ಭಾನುವಾರ, ಅಂದರೆ ಕಳೆದ ವಾರ, ಪಟ್ಟಿ ಮಾಡಿದೆ. ಅಮ್ಮನ ಫೋಟೋಗಳನ್ನು ಎರಡು ಕಡೆ ನಕಲು ಮಾಡಿಟ್ಟೆ. ಯಾಕೋ ಎರಡು ಬಿಂದಿಗೆ ನೀರನ್ನೂ ತುಂಬಿಟ್ಟೆ. ಒಂದು ಕಡತದಲ್ಲಿ ಒಂದು ಪದದ ಮೊದಲಿಗೆ ಇಂಗ್ಲಿಷಿನ ಎರಡು ಅಕ್ಷರ ಸೇರಿಸಿದರೆ ಸ್ಟೇಬಲ್ ಹೋಗಿ ಅನ್‌ಸ್ಟೇಬಲ್ ಆಗುತ್ತದೆ. ಸೇರಿಸಿ, ಕಣ್ಣು ಮುಚ್ಚಿ ಒತ್ತಿದೆ.

ಎರಡು ಗಂಟೆಯ ಮೇಲೆ ಕಂಪ್ಯೂಟರು ನಗುನಗುತ್ತಾ ಎದ್ದು ಕುಳಿತಿತು. ಪರದೆ ಇದೆ, ಮೌಸಿದೆ, ವೈಫೈ ಇದೆ. ಪ್ರಿಂಟರು ಜನ್ಮದಲ್ಲಿ ಮೊದಲ ಸಲ ಮೊದಲ ಸಲಕ್ಕೇ ಅಚ್ಚು ಹಾಕಿತು. ಅನ್‌ಸ್ಟೇಬಲ್ ಎಂದು ಹೆಸರಿಟ್ಟುಕೊಂಡು ಇಷ್ಟು ಸಜ್ಜನಿಕೆಯೇ? ಪಟ್ಟಿಯ ಹದಿನಾರಕ್ಕೂ ಒಂದೊಂದಾಗಿ ಅಡ್ಡಗೆರೆ ಎಳೆಯುತ್ತಾ ಹೋದ ಹಾಗೆ ಅಳುವೇ ಬಂದಂತಾಯಿತು. ಎಲ್ಲ ಮುಗಿಯಿತು ಎಂದು ಹೊತ್ತು ನೋಡಲು ಹೋಗಿ ಪರದೆಯ ಮೂಲೆಯ ಗಡಿಯಾರದ ಮೇಲೆ ಒತ್ತಿದೆ. ಕ್ಯಾಲೆಂಡರು ತೆರೆದುಕೊಂಡಿತು. ಅಲ್ಲಿ ಕಂಡಿತು, ಹದಿನೇಳನೆಯದು. ಕೂಡಲೇ ಫೋನು ಮಾಡಿದೆ.

“ನನ್ನ ಕಂಪ್ಯೂಟರು ಕೆಟ್ಟಿದೆ, ಗುರುಮಲ್ಲಪ್ಪ.”

“ನಿಮ್ದಾ? ನಿಮ್ದು ಕೆಡೊ ಜಾತಿ ಅಲ್ವಲ್ಲ.”

“ಅನ್‌ಸ್ಟೇಬಲ್ ಹಾಕಿಕೊಂಡೆ.”

“ಅಲ್ಲಾ, ನಂಗ ಬೈದು ಬುಡುಸ್ಬುಟ್ಟು ನೀವ್ ಸುರು ಮಾಡ್ಕಂಡ್ರಾ? ಚೆಂದಾಗದ ಕಣಿ ನಿಮ್ಮ ನ್ಯಾಯ.” ಆಮೇಲೆ ದನಿ ತಗ್ಗಿಸಿ, “ಏನಾಗದ?” ಎಂದ.

“ಕ್ಯಾಲೆಂಡರಿನಲ್ಲಿ ವಾರ ಸೋಮವಾರದಿಂದ ಶುರುವಾಗುತ್ತಿದೆ. ಮೊದಲಿದ್ದ ಭಾನುವಾರ ಸಾಲಿನ ಕೊನೆಗೆ ಹೋಗಿದೆ.”

ಒಂದು ಸಾಲು ತಿದ್ದಿದರೆ ಸರಿಹೋಗುವ ಸಂಗತಿ. ಅದು ನನಗೆ ಗೊತ್ತು, ಅವನಿಗೂ ಗೊತ್ತು. ಅವನು ನಗುತ್ತಾನೆ ಎಂದುಕೊಂಡೆ. ಆ ಕಡೆ ಯಾವುದೋ ಮೋಟಾರು ಸ್ವಲ್ಪ ಹೊತ್ತು ತಿರುಗಿ ನಿಂತಿತು.

“ಅದು ಫೋನಲ್ಲಿ ಆಗೊ ಕೆಲ್ಸ ಅಲ್ಲ ಮೇಷ್ಟ್ರೇ,” ಎಂದ. “ಕಣ್ಣಲ್ಲಿ ನೋಡ್ಬೇಕು. ಬರೊ ಭಾನ್ವಾರ ನಾನೇ ಬತ್ತೀನಿ. ಅಲ್ಲೀಗಂಟ ಏನೂ ಮುಟ್ಬ್ಯಾಡಿ.”

ಈ ನಾಲ್ಕು ವರ್ಷದಲ್ಲಿ ಅವನು ನನ್ನ ಮನೆಗೆ ಬಂದವನಲ್ಲ. ಮನೆಯಲ್ಲಿ ಇರುವುದು ಒಂದೇ ಕುರ್ಚಿ ಎಂಬುದೂ ಆವತ್ತೇ ನನ್ನ ಗಮನಕ್ಕೆ ಬಂತು. ಬುಧವಾರ ಇನ್ನೊಂದು ತಂದೆ. ಈಗ ನನಗೆ ಹೊಸ ಚಿಂತೆ ಹತ್ತಿಕೊಂಡಿದೆ. ಅನ್‌ಸ್ಟೇಬಲ್ಲಿಗೆ ದಿನವೂ ಹೊಸ ಪೊಟ್ಟಣಗಳು ಬರುತ್ತವೆ. ಎಲ್ಲೋ ಯಾವುದೋ ದೇಶದಲ್ಲಿ ಯಾರೋ ಪುಣ್ಯಾತ್ಮ ಈ ತಪ್ಪನ್ನು ಕಂಡು, ಇಷ್ಟು ಹೊತ್ತಿಗೆ ತಿದ್ದಿಯೂ ಕಳಿಸಿರಬಹುದು. ಅದಕ್ಕೇ ಆರು ದಿನದಿಂದ ಅಪ್‌ಡೇಟ್ ಒತ್ತಿಲ್ಲ. ಇಂದು ಶನಿವಾರ. ಇದನ್ನು ಬರೆಯುತ್ತಾ ಮೂರು ಸಲ ಗಡಿಯಾರದ ಮೇಲೆ ಒತ್ತಿ ನೋಡಿದೆ. ಭಾನುವಾರ ಇನ್ನೂ ಸಾಲಿನ ಕೊನೆಯಲ್ಲೇ ಇದೆ.