ಬಿಸ್ಮಿಲ್ಲಾಬಿ ತೆಗೆಸಿದ ಕಿಟಕಿ

ಬ್ಯಾಡಗಿಯ ಬಿಸ್ಮಿಲ್ಲಾಬಿಯ ವಿಷಯ ಬರೆಯಲೇಬೇಕು. ಪೇಟೆಯೆಲ್ಲ ಕೈಮುಗಿಯುವ ಸಾವುಕಾರನನ್ನು ಆಕೆ ಎಂದೂ ದೊಡ್ಡವನೆಂದು ಎಣಿಸಲಿಲ್ಲ. ಆತನ ಯೋಗ್ಯತೆಗೆ ಅದೇ ಸರಿ.

೧೯೯೨ರ ಸುಗ್ಗಿ. ಕೃಷ್ಣಾಜಿ ಸಾವುಕಾರನ ಗೋದಾಮಿನಲ್ಲಿ ಆಕೆ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಜೊತೆಗೆ ತಂಗಿ ಕುಲ್ಸುಮಬಿ, ಕೋಣೆ ತುಂಬ ಹೆಂಗಸರು. ಗಾಳಿಯಾಡಿದರೆ ಕಾಯಿ ಒಣಗಿ ತೂಕ ಇಳಿಯುತ್ತದೆಂದು ಆ ಜಿಪುಣ ಕಿಟಕಿಗಳಿಗೆಲ್ಲ ಹಲಗೆ ಬಡಿಸಿದ್ದ. ಮಧ್ಯಾಹ್ನದ ಹೊತ್ತಿಗೆ ಎಲ್ಲರಿಗೂ ತಲೆ ಭಾರ. ಒಂದು ದಿನ ಕುಲ್ಸುಮಬಿ ಎಚ್ಚರ ತಪ್ಪಿ ಬಿದ್ದಳು.

“ನಾಟಕ ಮಾಡತಾಳ. ಇನ್ನೊಮ್ಮೆ ಬಿದ್ರ ಕೆಲಸಕ್ಕ ಬರೂದು ಬ್ಯಾಡ,” ಅಂದ ಕೃಷ್ಣಾಜಿ.

“ಹೌದ್ರಿ ಸಾವ್ಕಾರ್ರ, ನಿಮ್ಮಂಥಾವ್ರಿಗೆ ಸತ್ತು ತೋರಿಸಿದ್ರೂ ಅದು ನಾಟಕಾನ,” ಅಂದಳು ಬಿಸ್ಮಿಲ್ಲಾಬಿ. ನೆಟ್ಟಗೆ ಹೋಗಿ, ಕೆಲಸದ ಜಾಗಗಳ ತಪಾಸಣೆ ಮಾಡುವ ಸರ್ಕಾರದ ಸಾಹೇಬರಿಗೆ ದೂರು ಕೊಟ್ಟಳು.

ಸಾಹೇಬರು ಕೋಣೆಯ ಗಾಳಿ ಅಳೆಯಲು ಬರುತ್ತಾರೆಂದು ತಿಳಿಯಿತು. ಕೃಷ್ಣಾಜಿ ತನ್ನ ಬುದ್ಧಿ ತೋರಿಸಿದ. ಬಡಕಲು ಹೆಂಗಸರು ಸಾಹೇಬರ ಕಣ್ಣಿಗೆ ಬೀಳಬಾರದೆಂದು ಅವರನ್ನು ಅಂಗಳಕ್ಕೆ ಅಟ್ಟಿದ. ಬದಲಿಗೆ ಹೆಂಡತಿಯ ತಮ್ಮ ಪ್ರಭಾಕರ, ನೆಂಟರು, ದಲಾಲರು, ಹೀಗೆ ಅಷ್ಟೇ ಮಂದಿ ಹೊಟ್ಟೆ ತುಂಬಿದವರನ್ನು ಜಮಖಾನೆಯ ಮೇಲೆ ಕೂರಿಸಿದ. ಅಂಗಳದ ಮೆಣಸಿನಕಾಯಿ ಘಾಟು ಇವರಿಗೆ ಬಡಿಯಬಾರದೆಂದು ಬಾಗಿಲನ್ನೂ ಹಾಕಿಸಿದ. ಸಾಹೇಬರ ಬಸ್ಸು ತಡವಾಯಿತು.

ಅವರು ಬಂದವರೇ ಸಣ್ಣ ಪಂಪಿನಿಂದ ಒಳಗಿನ ಗಾಳಿಯನ್ನು ಗಾಜಿನ ನಳಿಗೆಯೊಳಕ್ಕೆ ಎಳೆದರು. ಅದರ ಬಿಳಿ ಪುಡಿ ನೇರಳೆ ಬಣ್ಣಕ್ಕೆ ತಿರುಗುತ್ತ ಹೋಯಿತು.

“ನಾವು ಬಿಟ್ಟ ಉಸಿರಿನಾಗ ಇಂಗಾಲದ ಡೈಆಕ್ಸೈಡ್ ಇರತೈತ್ರಿ. ಹೊಸಾ ಗಾಳಿ ಬರಲಿಲ್ಲಂದ್ರ ಅದು ಒಳಗ ಕೂಡತೈತಿ. ಬಣ್ಣ ಎಲ್ಲೀತನಾ ಏರೈತಿ ನೋಡ್ರಿ. ಇದು ಮಂದಿ ಕೂಡ್ರೂ ಕೋಣಿ ಅಲ್ಲ,” ಅಂದರು ಸಾಹೇಬರು.

“ಇವ್ರು ಊಟ ಜಾಸ್ತಿ ಮಾಡ್ಯಾರ್ರಿ ಸಾಹೇಬ್ರ, ಅದಕ್ಕ,” ಅಂದ ಕೃಷ್ಣಾಜಿ.

ಬಾಗಿಲಲ್ಲಿ ನಿಂತಿದ್ದ ಬಿಸ್ಮಿಲ್ಲಾಬಿ ನಕ್ಕಳು. “ಹಂಗಾರ ಅರೆಹೊಟ್ಟಿ ನಮಗ್ಯಾಕ ತಲಿ ತಿರಗತಿತ್ರಿ?”

ಪ್ರಭಾಕರ ಹಣೆ ಹಿಡಿದುಕೊಂಡು ಎದ್ದ. “ಭಾವಾ, ತಲಿ ಸಿಡ್ಯಾಕತ್ತದ. ಮೊದಲ ಆ ಹಲಗಿ ಕೀಳಸ್ರಿ!”

ಕಿಟಕಿ ತೆಗೆಯದೆ ಕೆಲಸ ನಡೆಸಬಾರದೆಂದು ಸಾಹೇಬರು ಹೇಳಿದರು. ಹಲಗೆಗಳನ್ನು ಕಿತ್ತರು. ಮರುದಿನ ಕುಲ್ಸುಮಬಿ ಸಂಜೆಯವರೆಗೂ ಕೂತು ದುಡಿದಳು, ಬೀಳಲಿಲ್ಲ. ಆಕೆಯನ್ನು ಬಿಡಿಸಲು ಕೃಷ್ಣಾಜಿಗೆ ನೆವ ಸಿಗಲಿಲ್ಲ. ಈಗ ಕಿಟಕಿ ತೆಗೆಸಿದ್ದು ತಾನೇ ಎಂದು ಹೇಳಿಕೊಂಡು ತಿರುಗುತ್ತಾನೆ, ನಾಚಿಕೆಗೆಟ್ಟವನು.

ಸುಗ್ಗಿಯಲ್ಲಿ ಬ್ಯಾಡಗಿಗೆ ಹೋದರೆ ಬಿಸ್ಮಿಲ್ಲಾಬಿಯನ್ನು ಕಂಡು ಬನ್ನಿ. ಮೆಣಸಿನಕಾಯಿ ಪೇಟೆಯಲ್ಲಿ ಯಾವ ಹೆಂಗಸನ್ನು ಕೇಳಿದರೂ ಮನೆ ತೋರಿಸುತ್ತಾಳೆ. ಕೃಷ್ಣಾಜಿಯನ್ನು ಮಾತ್ರ ಕೇಳಬೇಡಿ.