ಹಳ್ಳದಾಚೆಯ ಹಸು

ನನ್ನ ಸೋದರತ್ತೆ, ಅಂದರೆ ನಮ್ಮಪ್ಪನ ಅಕ್ಕ, ಗಂಡ ಸತ್ತ ಮೇಲೆ ತವರಿಗೆ ಬಂದಾಗ ಒಂದು ಸೀರೆ ಗಂಟನ್ನೂ ಒಂದು ಕೆಂದ ಕಡಸನ್ನೂ ತಂದಿದ್ದಳು. ಅಗರದ ಗಂಡನ ಮನೆಯವರು ನಿನ್ನ ಪಾಲಿಗೆ ಇದೇ ಎಂದು ಹಗ್ಗವನ್ನು ಕೈಗಿತ್ತರಂತೆ. ಕಡಸನ್ನು ಬಸ್ಸಿಗೆ ಹತ್ತಿಸುವ ಹಾಗಿಲ್ಲವಲ್ಲ, ಕೊಳ್ಳೇಗಾಲದ ಮೇಲೆ ನಡೆದೇ ಬಂದಳು. ಹನೂರು ದಾಟಿ ಬೆಟ್ಟದ ತಪ್ಪಲಿನ ನಮ್ಮೂರು ಸೇರುವ ಹೊತ್ತಿಗೆ ಇಬ್ಬರ ಕಾಲೂ ಊದಿದ್ದವು ಎಂದು ಅವ್ವ ಹೇಳುತ್ತಿದ್ದಳು.

ಆ ಕಡಸು ಈದು ಹಾಲು ಕೊಡತೊಡಗಿದ ಮೇಲೆ ಅತ್ತೆಗೂ ನಮ್ಮ ಮನೆಯಲ್ಲೊಂದು ಜಾಗ ಸಿಕ್ಕಿತು. ನಮ್ಮವ್ವ ಕೆಟ್ಟವಳಲ್ಲ, ಆದರೆ ಅಡುಗೆಮನೆ ಅವಳದು. ಉಪ್ಪಾಗಲಿ ಎಣ್ಣೆಯಾಗಲಿ ಅತ್ತೆ ಕೇಳಿಯೇ ಮುಟ್ಟಬೇಕು. ಕೇಳದೆ ಮುಟ್ಟಬಹುದಾಗಿದ್ದದ್ದು ಆ ಹಸುವಿನ ಹಾಲಿನ ಗಡಿಗೆ ಒಂದನ್ನೇ. ಶುಭಕಾರ್ಯಕ್ಕೆ ಅವಳನ್ನು ಕರೆಯದ ಊರವರು ಹಸು ಈದಾಗ ಮಾತ್ರ ಗಿಣ್ಣಿಗಾಗಿ ಪಾತ್ರೆ ಹಿಡಿದು ಅವಳ ಮುಂದೆಯೇ ನಿಲ್ಲುತ್ತಿದ್ದರು. ಆಗ ಅವಳ ಗತ್ತು ನೋಡಬೇಕಿತ್ತು, ಯಾವ ಪಟೇಲನಿಗೂ ಕಡಿಮೆಯಿಲ್ಲ.

ನನಗೆ ಮದುವೆ ಗೊತ್ತಾಗಿದ್ದ ವರ್ಷದ ಬೇಸಿಗೆ ಅದು. ಅರವತ್ತರ ದಶಕದ ನಡುವೆ ಇರಬೇಕು. ಯುಗಾದಿ ಕಳೆದರೂ ಒಂದು ಹನಿ ಬಿದ್ದಿರಲಿಲ್ಲ. ನಮ್ಮ ಕಡೆ ಊರಲ್ಲಿ ಮೇವು ಮುಗಿದರೆ ದನಗಳನ್ನು ಬೆಟ್ಟದ ಮೇಲಿನ ದೊಡ್ಡಿಗೆ ಹೊಡೆಯುತ್ತಾರೆ. ಕಾಡಿನ ನಡುವೆ ಮುಳ್ಳುಬೇಲಿ ಕಟ್ಟಿದ ಒಂದು ಬಯಲು, ಮೂಲೆಯಲ್ಲೊಂದು ಗುಡಿಸಲು, ದೊಡ್ಡಿ ಎಂದರೆ ಅಷ್ಟೇ. ನಾಲ್ಕಾರು ಮನೆಯ ದನ ಅಲ್ಲಿರುತ್ತವೆ, ಗಂಡಸರು ಸರದಿಯ ಮೇಲೆ ಕಾಯುತ್ತಾರೆ. ಚಪ್ಪಲಿ ಮೆಟ್ಟಿ ಒಳಗೆ ಹೋಗುವಂತಿಲ್ಲ. ಹೆಂಗಸರಂತೂ ದೊಡ್ಡಿಯ ಮುಂದಿನ ಹಳ್ಳವನ್ನೇ ದಾಟುವಂತಿಲ್ಲ, ದಾಟಿದರೆ ದನಕ್ಕೆ ಕೇಡು. ಆ ಕೇಡನ್ನು ಯಾರು ಕಂಡಿದ್ದರೋ! ಅದೇ ದನದ ಸಗಣಿ ಬಾಚಿ, ಮುಸುರೆ ಕುಡಿಸಿ, ಹಾಲು ಕರೆದು ಸಾಕಿದವರೆಲ್ಲ ಊರಿನಲ್ಲಿ ಹೆಂಗಸರೇ.

ಕೆಂದ ಹಸು ಆಗ ತುಂಬು ಗಬ್ಬ. ಬೆಟ್ಟದಲ್ಲೂ ಹುಲ್ಲು ಸುಟ್ಟುಹೋಗಿತ್ತು. ಮಲಗಿದರೆ ಅದು ತಾನಾಗಿ ಏಳಲಾರದಾಯಿತು. ಪ್ರತಿ ಬೆಳಿಗ್ಗೆ ಅಪ್ಪ ಇನ್ನೊಬ್ಬರನ್ನು ಕರೆದುಕೊಂಡು, ಎದೆಯಡಿ ಬಿದಿರ ಗಳ ಕೊಟ್ಟು ಎತ್ತಿ ನಿಲ್ಲಿಸುತ್ತಿದ್ದ. ಊರಿಗೆ ಇಳಿಸೋಣವೆಂದರೆ ಇಳಿಜಾರಿನಲ್ಲಿ ನಡೆಯುವ ತ್ರಾಣ ಅದಕ್ಕಿರಲಿಲ್ಲ. ಅತ್ತೆಯೂ ನಾನೂ ಹುರುಳಿ ಬೇಯಿಸಿ, ತೌಡು ಕಲಸಿ, ಗಡಿಗೆ ಹೊತ್ತು ಬೆಟ್ಟ ಹತ್ತಿ, ಒಣಗಿದ ಹಳ್ಳದ ಈಚೆ ನಿಂತು ಕೂಗುತ್ತಿದ್ದೆವು. ಅಪ್ಪ ಬಂದು ಗಡಿಗೆ ತೆಗೆದುಕೊಂಡು ಹೋಗುತ್ತಿದ್ದ. ಬೇಲಿಯ ಸಂದಿನಲ್ಲಿ ಕೆಂಪು ಬೆನ್ನು ಕಂಡರೆ ಅತ್ತೆಗೆ ಸಮಾಧಾನ.

"ಒಂದ್ ಮಳ ಬೀಳ್ಲಿ ಬುಡಕ್ಕ, ಉಲ್ಲು ಚಿಗುರ್ತದ. ನಿನ್ನಸ ಎದ್ದು ಕುಣೀತದ" ಎನ್ನುತ್ತಿದ್ದ ಅಪ್ಪ.

"ಕೂಸಿನ್ ಮದ್ವಗ ತುಪ್ಪ ನಂದೇ ಕಣಪ್ಪ. ಅಷ್ಟೊತ್ಗ ಈದಿರ್ತದ" ಎನ್ನುತ್ತಿದ್ದಳು ಅತ್ತೆ. ಹೇಳುವಾಗ ನನ್ನ ತಲೆ ಸವರುತ್ತಿದ್ದಳು. ಇಡೀ ಊರು ಮಳೆಗಾಗಿ ಕಾದಿತ್ತು ನಿಜ, ಆದರೆ ಅವಳಷ್ಟು ಯಾರೂ ಕಾದಿರಲಿಲ್ಲ.

ಮಳೆ ಬಂದ ದಿನ ನಾವಿಬ್ಬರೂ ಹಳ್ಳದ ದಡದಲ್ಲೇ ಇದ್ದೆವು. ಕೂಗಿದರೆ ಯಾರೂ ಓಗೊಡಲಿಲ್ಲ. ಗಂಡಸರೆಲ್ಲ ದನಕ್ಕೆ ಸೊಪ್ಪು ಕಡಿಯಲು ಕಾಡಿನೊಳಕ್ಕೆ ಹೋಗಿದ್ದರು. ಮಧ್ಯಾಹ್ನದ ಹೊತ್ತಿಗೇ ಬೆಟ್ಟದ ನೆತ್ತಿ ಕಪ್ಪಾಯಿತು. ಗಾಳಿ ಎದ್ದು ಬಿದಿರು ಮೆಳೆಗಳು ಲಟಲಟ ಮುರಿದವು. ಮೊದಲ ಹನಿ ಬಿದ್ದಾಗ ಅತ್ತೆ ಮುಖವೊಡ್ಡಿ ನಕ್ಕಳು. ಆಮೇಲೆ ಆಲಿಕಲ್ಲು ಶುರುವಾಯಿತು. ನಾವು ಬಂಡೆಯ ಮರೆಗೆ ಓಡಿದೆವು. ಆಚೆ ದನಗಳು ಬೆದರಿ, ಬೇಲಿ ಮುರಿದುಕೊಂಡು ಚೆಲ್ಲಾಪಿಲ್ಲಿಯಾದವು. ಓಡಲಾಗದೆ ಉಳಿದದ್ದು ಕೆಂದ ಹಸು. ನಾಲ್ಕು ಹೆಜ್ಜೆ ಇಟ್ಟು ಮುಗ್ಗರಿಸಿ ಬಿತ್ತು. ಆಲಿಕಲ್ಲು ಅದರ ಪಕ್ಕೆಯ ಮೇಲೆ ಬೀಳುವ ಸದ್ದು ನಮಗೆ ಕೇಳುತ್ತಿತ್ತು.

"ಅತ್ತೇ, ಓಗಬ್ಯಾಡ!" ನಾನು ಅವಳ ಸೆರಗು ಹಿಡಿದುಕೊಂಡೆ.

"ಬುಡು ಕೂಸೇ. ಸತ್ತೋಯ್ತದ ಅದು!" ಸೆರಗು ಕಿತ್ತುಕೊಂಡು ಹಳ್ಳಕ್ಕೆ ಇಳಿದೇಬಿಟ್ಟಳು.

ಗುಡಿಸಲಿನಿಂದ ಒಂದು ಕಂಬಳಿ ಎಳೆದು ತಂದು ಹಸುವಿಗೆ ಹೊದಿಸಿದಳು. ಅದು ಅರ್ಧ ಮೈಗೆ ಮಾತ್ರ ಸಾಕಾಯಿತು. ಉಳಿದರ್ಧದ ಮೇಲೆ ತಾನೇ ಬೋರಲು ಮಲಗಿದಳು. ಹಿಂದೆಯೇ ಹೋಗೋಣವೆಂದು ನಾನು ಏಳುವಷ್ಟರಲ್ಲಿ ಹಳ್ಳದಲ್ಲಿ ಕೆಂಪು ನೀರು ನುಗ್ಗಿ ಬಂತು. ನಾನು ಈಚೆ ಉಳಿದೆ.

ಗಂಡಸರು ಬಂದಾಗ ಹಸುವಿಗೆ ಇನ್ನೂ ಉಸಿರಿತ್ತು. ಅವರಲ್ಲಿ ಹಿರಿಯನೊಬ್ಬ, ದೊಡ್ಡಿಯೊಳಗೆ ಹೆಂಗಸನ್ನು ಕಂಡು ಅಲ್ಲೇ ನಿಂತುಬಿಟ್ಟ. ಅಪ್ಪ ಗಳ ತಂದು ಎತ್ತಲು ನೋಡಿದ. ಅದಕ್ಕೆ ಕಾಲು ಬರಲಿಲ್ಲ. ಬೆಳಗಿನಿಂದ ಬಿಸಿಲಿಗೆ ಬೆಂದ ಮೈ, ಮೇಲೆ ಆ ಕೊರೆಯುವ ನೀರು. ಹೊತ್ತು ಇಳಿಯುವ ಮೊದಲೇ ಹಸು ಹೋಯಿತು, ಹೊಟ್ಟೆಯೊಳಗಿನ ಕರುವೂ ಹೋಯಿತು. ನೀರು ತಗ್ಗಿದ ಮೇಲೆ ಅಪ್ಪ ಅತ್ತೆಯ ರಟ್ಟೆ ಹಿಡಿದು ಈಚೆ ದಾಟಿಸಿದ. ಅವಳ ಬೆನ್ನೆಲ್ಲ ಕಂದುಗಟ್ಟಿತ್ತು. ಅವಳು ಅಳಲಿಲ್ಲ, ನಾನೇ ದಾರಿಯುದ್ದಕ್ಕೂ ಅಳುತ್ತಾ ಬಂದೆ.

ಊರಲ್ಲಿ ಎಲ್ಲರೂ ನೇಗಿಲು ಹೂಡುವ ಸಡಗರದಲ್ಲಿದ್ದರು. ಆ ಸಡಗರದ ನಡುವೆಯೂ ಅವರಿಗೆ ನ್ಯಾಯ ಹೇಳಲು ಪುರುಸೊತ್ತು ಸಿಕ್ಕಿತು. "ಎಂಗ್ಸು ಕಾಲಿಟ್ಲು, ಅಸ ಓಯ್ತು" ಎಂದ ಆ ಹಿರಿಯ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯಿತು. ದೊಡ್ಡಿಗೆಲ್ಲ ಗಂಜಲ ಚಿಮುಕಿಸಿ ಶುದ್ಧ ಮಾಡಿದರು. ದಿನಾ ಬೆಳಿಗ್ಗೆ ಆ ಹಸುವನ್ನು ಎತ್ತಿ ನಿಲ್ಲಿಸಿದ್ದ ಅಪ್ಪನಿಗೆ ಅದರ ಸ್ಥಿತಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಜಗಲಿಯ ಮೇಲೆ ತಲೆ ತಗ್ಗಿಸಿ ಕೂತ, ತುಟಿ ಬಿಚ್ಚಲಿಲ್ಲ. ಅಪ್ಪ ಹೋಗಿ ಬಹಳ ವರ್ಷಗಳಾದವು. ಆ ಒಂದು ವಿಷಯದಲ್ಲಿ ನನ್ನ ಸಿಟ್ಟು ಇನ್ನೂ ಹೋಗಿಲ್ಲ.

ಅವತ್ತಿನಿಂದ ಅತ್ತೆ ಕುಡಿಯುವ ನೀರನ್ನೂ ಕೇಳಿಯೇ ಮುಟ್ಟತೊಡಗಿದಳು. ಕೊನೆಗೆ ಅವ್ವನೇ ಮನೆಯ ಎಮ್ಮೆಯ ಹಾಲಿನ ಗಡಿಗೆಯನ್ನು ಅವಳ ಮುಂದಿಟ್ಟು, "ಇದ ನೀನೇ ನೋಡ್ಕೊ ಅತ್ಗ" ಎಂದಳು. "ಬ್ಯಾಡ ಕಣಮ್ಮಿ, ಎಮ್ಮಗೇನಾರ ಆದಾತು" ಎಂದು ಅತ್ತೆ ಗಡಿಗೆಯನ್ನು ಬೆರಳ ತುದಿಯಿಂದ ಹಿಂದಕ್ಕೆ ತಳ್ಳಿದಳು.

ನನ್ನ ಮದುವೆಗೆ ಬೆಟ್ಟದ ಇನ್ನೊಂದು ಮಗ್ಗುಲಿನ ನೆಂಟರು ಬಂದಿದ್ದರು. ಅದೇ ಮಳೆಗೆ ಅವರ ದೊಡ್ಡಿಯಲ್ಲೂ ಹಸುಗಳು ಸತ್ತಿದ್ದವು, ಅಲ್ಲಿ ಯಾವ ಹೆಂಗಸೂ ಕಾಲಿಟ್ಟಿರಲಿಲ್ಲ. ಮಾತಿಗೆ ಮಾತು ಬಂದು ಅವರು ಇದನ್ನು ಹೇಳಿದಾಗ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅರಿಶಿನದ ಸೀರೆಯಲ್ಲೇ ಹಿತ್ತಲಿಗೆ ಓಡಿದೆ. ಅತ್ತೆ ಯಾರ ಕಣ್ಣಿಗೂ ಬೀಳದೆ ಅಲ್ಲಿ ಪಾತ್ರೆ ಬೆಳಗುತ್ತಿದ್ದಳು. ಏದುಸಿರು ಬಿಡುತ್ತಾ ಎಲ್ಲವನ್ನೂ ಹೇಳಿದೆ. ಈಗಲಾದರೂ ಅವಳ ಮುಖ ಅರಳುತ್ತದೆ ಎಂದು ಕಾದೆ.

ಅವಳು ಕೈ ನಿಲ್ಲಿಸಿ ಕೇಳಿಸಿಕೊಂಡಳು.

"ಅವರ್ ದೊಡ್ಡಿ ಎತ್ತಗದ?"

"ನಮ್ದುಕ್ಕ ಪಡುವಲಾಗಿ."

ಅವಳು ಮತ್ತೆ ಬೂದಿ ಹಿಡಿದು ಪಾತ್ರೆ ಉಜ್ಜತೊಡಗಿದಳು.

"ಅಂಗಾದ್ರ ಅವೂ ನನ್ನಿಂದ್ಲೇ ಓದೊ ಕಣವ್ವ. ಆವತ್ತು ಗಾಳಿ ನಮ್ ದೊಡ್ಡಿಯಿಂದ ಅತ್ತಗೇ ಬೀಸ್ತಿತ್ತು."